ಲಕೋಟೆಯೊಳಗಿನ ಸೋರಿಕೆ

ಹನ್ನೊಂದು ವರ್ಷಗಳಲ್ಲಿ ಎಷ್ಟು ಅಣಕು ಕಾರ್ಯಾಚರಣೆ ನೋಡಿದ್ದೇನೆ ಎಂಬ ಲೆಕ್ಕ ಸುಮಂಗಲಾಗೆ ತಪ್ಪಿಹೋಗಿತ್ತು. ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ಅವರು. ಬೊಮ್ಮಸಂದ್ರದಿಂದ ಅತ್ತಿಬೆಲೆವರೆಗಿನ ಕೈಗಾರಿಕಾ ಪಟ್ಟಿ ಅವರ ಪಾಲಿಗೆ ಬಂದಿತ್ತು. ಅಪಾಯದ ಅನಿಲ ಇಟ್ಟುಕೊಂಡಿರುವ ಪ್ರತಿ ಕಾರ್ಖಾನೆಯೂ, ಅದು ಸೋರಿದರೆ ತಾನೇನು ಮಾಡುತ್ತೇನೆ ಅನ್ನುವುದನ್ನು ಆಗಾಗ ಮಾಡಿ ತೋರಿಸಬೇಕು. ಅದನ್ನು ನಿಂತು ನೋಡಿ, ಸರಿಯಿದೆ ಎಂದು ಸಹಿ ಹಾಕುವುದು ಅವರ ಕೆಲಸ.

ಮಾಡಿ ತೋರಿಸುವುದೇನೋ ಎಲ್ಲರೂ ಚೆನ್ನಾಗಿಯೇ ಮಾಡುತ್ತಿದ್ದರು. ಹನ್ನೊಂದು ಗಂಟೆಗೆ ಸರಿಯಾಗಿ ಸೈರನ್. ಹಳದಿ ಹೆಲ್ಮೆಟ್ಟಿನವರು ಸಾಲಾಗಿ ಹೊರಗೆ. ನೀಲಿ ಟಾರ್ಪಾಲಿನ ಮೇಲೆ ಒಬ್ಬ ಗಾಯಾಳು. ನಾಲ್ಕೇ ನಿಮಿಷಕ್ಕೆ ಅಗ್ನಿಶಾಮಕದ ಗಾಡಿ, ಯಾಕೆಂದರೆ ಅದು ಬೆಳಗಿನಿಂದ ಪಕ್ಕದ ರಸ್ತೆಯ ಟೀ ಅಂಗಡಿ ಮುಂದೆ ಕಾಯುತ್ತ ನಿಂತಿರುತ್ತಿತ್ತು. ಕಳೆದ ವರ್ಷ ಒಂದು ಕಡೆ ಸ್ಟ್ರೆಚರಿನ ಮೇಲಿದ್ದ ಗಾಯಾಳುವಿನ ಫೋನು ಹೊಡೆದುಕೊಂಡಿತು. ಅವನು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಫೋನು ತೆಗೆದು, "ಡ್ಯೂಟಿಲಿದ್ದೀನಿ ಮಗಾ, ಆಮೇಲ್ ಮಾಡ್ತೀನಿ" ಅಂದ. ಎಲ್ಲರೂ ನಕ್ಕರು. ಸುಮಂಗಲಾ ಕೂಡ ನಕ್ಕರು. ಆಮೇಲೆ ವಂದನಾರ್ಪಣೆ, ಸಮೋಸ, ಬಾದಾಮಿ ಹಾಲು.

ಈ ವರ್ಷದ ಮಾರ್ಚಿನಲ್ಲಿ ಕರಾವಳಿ ಕಡೆಯ ಒಂದು ಅಣು ವಿದ್ಯುತ್ ಸ್ಥಾವರದ ತುರ್ತು ತಾಲೀಮು ನೋಡಿಬರಲು ಕಚೇರಿ ಅವರನ್ನು ಕಳಿಸಿತು. ಅಲ್ಲಿನ ರೀತಿಯೇ ಬೇರೆ ಇತ್ತು. ಈ ಸಲ ಏನು ಕೆಡುತ್ತದೆ ಅನ್ನುವುದು ಸ್ಥಾವರದವರಿಗೆ ಗೊತ್ತೇ ಇರಲಿಲ್ಲ. ಅದು ನಿಯಂತ್ರಣ ಮಂಡಳಿಯ ಕಡೆಯಿಂದ ಬಂದವರ ಕೈಯಲ್ಲಿ, ಮುಚ್ಚಿದ ಲಕೋಟೆಯಲ್ಲಿತ್ತು. ನೋಡಲು ಬಂದವರು ತಾಲೀಮು ಮುಗಿಯುವ ತನಕ ತುಟಿ ಬಿಚ್ಚುವಂತಿರಲಿಲ್ಲ. ಕಣ್ಣೆದುರು ತಪ್ಪಾದರೂ ತಿದ್ದುವಂತಿರಲಿಲ್ಲ. ಮಡಿವಾಳಪ್ಪ ಎಂಬ ಹಿರಿಯ ವೀಕ್ಷಕರೊಬ್ಬರು ಸುಮಂಗಲಾರನ್ನು ಜೀಪಿನಲ್ಲಿ ಕೂರಿಸಿಕೊಂಡು ಸ್ಥಾವರ ಬಿಟ್ಟು ಹೊರಟರು. ಐದಾರು ಕಿಲೋಮೀಟರು ದೂರದ ಹಳ್ಳಿಯಲ್ಲಿ ಒಣಮೀನು ಹರವುತ್ತಿದ್ದ ಹೆಂಗಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ತಾಯಿ, ಬೆಳಿಗ್ಗೆ ನಿಮಗೆ ಏನಾದ್ರೂ ಕೇಳಿಸ್ತಾ?" ಎಂದರು. ಅವಳು ಇಲ್ಲ ಎಂದಳು. ಅವರು ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದರು.

"ಒಳಗಿನೋರು ಚೆನ್ನಾಗೇ ಮಾಡ್ತಾರೆ ಮೇಡಂ, ಅವರು ಕಲಿತಿರೋದೇ ಅದು," ಎಂದರು ವಾಪಸು ಬರುವಾಗ. "ನಾವು ನೋಡಬೇಕಾದ್ದು ಬೇಲಿ ಆಚೆ."

ಬೆಂಗಳೂರಿಗೆ ಬಂದ ಮೇಲೂ ಆ ಎರಡು ಗೆರೆ ಸುಮಂಗಲಾರ ಕಣ್ಣಿನಿಂದ ಹೋಗಲಿಲ್ಲ. ತಮ್ಮ ವಲಯದ ಕಾರ್ಖಾನೆಗಳ ತಾಲೀಮೂ ಹೀಗೇ ನಡೆಯಬೇಕೆಂದು ಎರಡು ಪುಟ ಬರೆದು ಮೇಲಧಿಕಾರಿಯ ಮುಂದಿಟ್ಟರು. ಅವರು ಓದಿ, ಕನ್ನಡಕ ತೆಗೆದು, "ಮೊದಲು ಒಂದೇ ಒಂದು ಕಡೆ ಮಾಡಿ ನೋಡಿ. ಸರಿಹೋದ್ರೆ ಎಲ್ಲರಿಗೂ ಹೇಳೋಣ" ಎಂದರು.

ಸುಮಂಗಲಾ ಆರಿಸಿಕೊಂಡದ್ದು ಬೊಮ್ಮಸಂದ್ರದ ಒಂದು ಐಸ್‌ಕ್ರೀಮ್ ಕಾರ್ಖಾನೆಯನ್ನು. ಒಳಗಿನ ಥಂಡಿಗೆಲ್ಲ ಅಮೋನಿಯಾವೇ ಆಧಾರ, ಟನ್ನುಗಟ್ಟಲೆ ಇರುತ್ತದೆ. ಮ್ಯಾನೇಜರು ಪರಮಾನಂದ ದುಂಡು ಮುಖದ, ಸದಾ ನಗುವ ಮನುಷ್ಯ. ಯಾರೇ ಬಂದರೂ ಮಾತಿಗೆ ಮುಂಚೆ ಒಂದು ಕಪ್ ಐಸ್‌ಕ್ರೀಮ್ ತರಿಸುತ್ತಿದ್ದರು.

"ದಿನ ಹೇಳಿಬಿಡಿ ಮೇಡಂ, ಶಾಮಿಯಾನ ಹಾಕಿಸ್ತೀನಿ."

"ದಿನ ಹೇಳಲ್ಲ ಪರಮಾನಂದ್ ಅವರೇ. ಆಷಾಢದಲ್ಲಿ ಒಂದು ವಾರ ಹೇಳ್ತೀನಿ, ಅಷ್ಟೇ. ಏನು ಸೋರುತ್ತೆ, ಎಲ್ಲಿ ಸೋರುತ್ತೆ ಅನ್ನೋದು ಲಕೋಟೆಯಲ್ಲಿರುತ್ತೆ. ಫೈರ್ ಎಂಜಿನ್ ಅದರ ಠಾಣೆಯಲ್ಲೇ ಇರಲಿ. ಆಮೇಲೆ, ಗೋಡೆ ಆಚೆಯ ವಠಾರದವರೂ ಸೇರಬೇಕು."

ಪರಮಾನಂದ ಚಮಚ ಕೆಳಗಿಟ್ಟರು. "ಹೊರಗಿನೋರು ಯಾಕೆ ಮೇಡಂ? ಗಾಬರಿ ಆಗ್ತಾರೆ. ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ನಿಜವಾಗ್ಲೂ ಸೋರಿದೆ ಅಂತ ಸುದ್ದಿ ಆಗಿಬಿಡುತ್ತೆ."

"ಅದಕ್ಕೇ ಮುಂಚಿತವಾಗಿ ಹೋಗಿ ಹೇಳಿ ಬರೋಣ. ನಿಜವಾಗಿ ಸೋರಿದ್ರೆ ಮೊದಲು ಹೋಗೋದು ಅವರ ಮನೆಗೇ ಅಲ್ವಾ?"

ಪರಮಾನಂದರ ಪಕ್ಕದಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿದ ಫೈಲು ಹಿಡಿದು ಕೂತಿದ್ದ ಸುರಕ್ಷತಾ ಅಧಿಕಾರಿ ಲೋಕೇಶ್ ಮೆಲ್ಲಗೆ, "ನಾನು ಸೇರಿ ಎರಡು ವರ್ಷ ಆಯ್ತು ಮೇಡಂ. ಆ ವಠಾರದೊಳಗೆ ಇನ್ನೂ ಕಾಲಿಟ್ಟಿಲ್ಲ" ಎಂದ. ಕುಂದಲಹಳ್ಳಿಯ ಹುಡುಗ, ಇನ್ನೂ ಮೂವತ್ತು ತುಂಬಿರಲಿಲ್ಲ. ಅವನು ಹಾಗೆ ತಾನಾಗಿ ಒಪ್ಪಿಕೊಂಡದ್ದು ಸುಮಂಗಲಾಗೆ ಹಿಡಿಸಿತು.

ಮರುದಿನವೇ ಇಬ್ಬರೂ ಹೋದರು. ಕಾರ್ಖಾನೆಯ ತೆಂಕಣ ಗೋಡೆಗೆ ಅಂಟಿಕೊಂಡಂತೆ ಇಪ್ಪತ್ತನಾಲ್ಕು ಕೋಣೆಗಳ ವಠಾರ. ಒಡತಿ ಪಿಳ್ಳಮ್ಮ. ಕಾರ್ಖಾನೆ ನಿಂತ ಜಾಗವೂ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲವೇ. ಈಗ ವಠಾರದ ಹಿಂದೆ, ಪಡುವಣದ ಕೆರೆಯ ಕಡೆಗೆ, ಅರ್ಧ ಎಕರೆ ಉಳಿದಿತ್ತು. ಅದರಲ್ಲಿ ಸೇವಂತಿಗೆ ಬೆಳೆಯುತ್ತಿದ್ದಳು. ಬಾಡಿಗೆಗೆ ಇದ್ದವರೆಲ್ಲ ಬಾದಾಮಿ, ಹುನಗುಂದ, ಕುಷ್ಟಗಿ ಕಡೆಯ ಜನ. ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಹೋಗುವವರು.

"ಅಣಕು ಅಂದ್ರೆ ಏನವ್ವ, ನಾಟಕವಾ?" ಎಂದಳು ಪಿಳ್ಳಮ್ಮ, ಬಾಗಿಲ ಮುಂದಿನ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ.

"ನಾಟಕ ಅಲ್ಲಮ್ಮ, ಅಭ್ಯಾಸ. ಸೈರನ್ ಕೂಗುತ್ತೆ. ನಿಜವಾಗಿ ಏನೂ ಸೋರಿರಲ್ಲ. ಆದ್ರೆ ಸೋರಿದೆ ಅಂದ್ಕೊಂಡು ಎಲ್ಲರೂ ಹೊರಡಬೇಕು."

"ಓಗ್ಲಿ ಬಿಡು. ನನ್ನ ಊವಿನ ಗಿಡಕ್ಕೆ ಬರದಿದ್ರೆ ಸಾಕು."

ಒಂಬತ್ತನೇ ಕೋಣೆಯ ಮುಂದೆ ನಾಲ್ಕು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಸುತ್ತಲಿನ ಪೀಜಿಗಳಿಗೆ, ಕ್ಯಾಂಟೀನುಗಳಿಗೆ ಇಲ್ಲಿಂದಲೇ ರೊಟ್ಟಿ ಹೋಗುತ್ತಿತ್ತು. ಅವರ ಮುಂದಾಳು ರುಕ್ಮವ್ವ, ನಲವತ್ತರ ಆಸುಪಾಸಿನ, ಕೈ ಬಾಯಿ ಎರಡೂ ಚುರುಕಾದ ಹೆಂಗಸು. ಅವಳ ಮಾತು ಕಿವಿಗೆ ಬಿದ್ದದ್ದೇ ಸುಮಂಗಲಾರ ನಾಲಿಗೆಯೂ ತಾನಾಗಿ ತಮ್ಮ ಹುಟ್ಟೂರು ರೋಣದ ಕಡೆ ತಿರುಗಿತು.

"ಯಾವೂರಬೇ ನಿಮ್ದು?"

"ಬಾದಾಮಿ ಹತ್ರ ಕೆರೂರ್ರಿ. ಅಯ್ಯ, ನೀವೂ ನಮ್ಮ ಕಡೆಯವ್ರೇನ್ರಿ ಮೇಡಂ? ಮತ್ತ ಈಟೊತ್ತನ ಬೆಂಗಳೂರ ಕನ್ನಡ ಮಾತಾಡಾಕತ್ತಿದ್ರಿ!" ರುಕ್ಮವ್ವ ನಕ್ಕು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೈಗೇ ಕೊಟ್ಟಳು. ಲೋಕೇಶನಿಗೂ ಕೊಟ್ಟಳು. ಅವನು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಿಂದ.

ಹೇಳಿದ ವಾರ ಬಂತು. ಸೋಮವಾರ, ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಸುಮಂಗಲಾ ತಮ್ಮ ಕಿರಿಯ ಸಹೋದ್ಯೋಗಿ ದಿವ್ಯಾಳೊಂದಿಗೆ ಕಾರ್ಖಾನೆಗೆ ಬಂದು ಲೋಕೇಶನ ಕೈಗೆ ಲಕೋಟೆ ಕೊಟ್ಟರು. ಅವನು ಒಡೆದು ಓದಿದ. "ಎರಡನೇ ಟ್ಯಾಂಕಿನ ವಾಲ್ವ್ ಒಡೆದಿದೆ. ಅಮೋನಿಯಾ ಹೊರಗೆ ಬರುತ್ತಿದೆ, ನಿಲ್ಲುತ್ತಿಲ್ಲ. ಗಾಳಿ ಈಗ ಎತ್ತ ಬೀಸುತ್ತಿದೆಯೋ ಅತ್ತಲೇ ಬೀಸುತ್ತಿದೆ." ಅವನ ಕಿವಿ ಕೆಂಪಾಯಿತು. ಸುಮಂಗಲಾ ದಿವ್ಯಾಳನ್ನು ಒಳಗೆ ಬಿಟ್ಟು, ತಾವು ಗೋಡೆ ಸುತ್ತಿ ಹೋಗಿ ವಠಾರದ ಕಲ್ಲಿನ ಮೇಲೆ ಕೂತರು.

ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಸೈರನ್ ಕೂಗಿತು. ಪಕ್ಕದ ಹಿಟ್ಟಿನ ಗಿರಣಿ ಓಡುತ್ತಿತ್ತು. ಆ ಸದ್ದಿನಲ್ಲಿ ಸೈರನ್ನು ಹೊಸೂರು ರಸ್ತೆಯ ಯಾವುದೋ ಬಸ್ಸಿನ ಹಾರ್ನಿನ ಹಾಗೆ ಕೇಳಿ ಮುಗಿದುಹೋಯಿತು. ಯಾರೂ ತಲೆ ಎತ್ತಲಿಲ್ಲ. ರೊಟ್ಟಿ ಬಡಿಯುವ ಕೈಗಳು ನಿಲ್ಲಲಿಲ್ಲ. ಸುಮಂಗಲಾ ಬರೆದುಕೊಂಡರು, ಕೆಳಗೆ ಎರಡು ಗೆರೆ ಎಳೆದರು.

ಹನ್ನೆರಡು ನಿಮಿಷ ಕಳೆದ ಮೇಲೆ ಲೋಕೇಶ್ ಕುತ್ತಿಗೆಗೆ ಕೊಳವೆಯ ಮಾಸ್ಕು ನೇತುಹಾಕಿಕೊಂಡು, ಫೈಲು, ಕೈಮೈಕು ಹಿಡಿದು, ಬೈಕಿನ ಹಿಂದೆ ಕೂತು ಬಂದ. "ಎಲ್ಲರೂ ಹೊರಗೆ ಬನ್ನಿ! ಇದು ಅಭ್ಯಾಸ, ಗಾಬರಿ ಬೇಡ! ಒಲೆ ಆರಿಸಿ! ಸ್ಕೂಲ್ ಗ್ರೌಂಡಿಗೆ ನಡೀರಿ!" ಜನ ಬಂದರು. ಹೆಂಗಸರು, ಕಂಕುಳ ಕೂಸುಗಳು, ಕೋಲೂರಿಕೊಂಡ ಇಬ್ಬರು ಮುದುಕರು, ಒಟ್ಟು ಅರವತ್ತು ಮಂದಿ ಇರಬಹುದು. ಲೋಕೇಶ್ ಮುಂದೆ, ಅವರೆಲ್ಲ ಹಿಂದೆ, ಮೂಡಣ ದಿಕ್ಕಿನ ಶಾಲೆ ಮೈದಾನದ ಕಡೆ ಹೊರಟರು. ಅಲ್ಲಿ ಹಸಿರು ಬಣ್ಣದಲ್ಲಿ 'ಸೇರುವ ಸ್ಥಳ' ಎಂಬ ಬೋರ್ಡು ನೆಟ್ಟಿತ್ತು.

ಸುಮಂಗಲಾ ಎಲ್ಲರಿಗಿಂತ ಹಿಂದೆ ನಡೆದರು. ಆಷಾಢದ ಗಾಳಿ ರಭಸವಾಗಿತ್ತು. ಅದು ಬೆನ್ನಿಗೆ ಬಡಿದು, ಅವರ ಸೆರಗನ್ನು ಹೆಗಲಿನಿಂದ ಎತ್ತಿ ಮುಂದಕ್ಕೆ ಹಾರಿಸಿತು. ಸೆರಗನ್ನು ಎಳೆದುಕೊಳ್ಳಲು ಹೋದ ಕೈ ಅಲ್ಲೇ ನಿಂತಿತು.

ಗಾಳಿ ಮೈದಾನದ ಕಡೆಗೇ ಹೋಗುತ್ತಿತ್ತು. ಇದು ನಿಜವಾಗಿದ್ದರೆ ಅಮೋನಿಯಾ ಈ ಅರವತ್ತು ಮಂದಿಯ ಬೆನ್ನು ಹತ್ತಿಕೊಂಡೇ ಬಂದು, ಅವರು ಸೇರಿದ ಜಾಗದಲ್ಲಿ ಅವರ ಜೊತೆಯೇ ನಿಲ್ಲುತ್ತಿತ್ತು.

ಆ ಮೈದಾನವನ್ನು ಒಪ್ಪಿದವರು ಯಾರು ಎಂಬುದೂ ಅವರಿಗೆ ನೆನಪಾಯಿತು. ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ಸ್ವೆಟರು ತೊಟ್ಟು ಬಂದು, ನಕ್ಷೆ ನೋಡಿ ತಾವೇ ಸಹಿ ಹಾಕಿದ್ದರು. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬರುತ್ತದೆ, ಆಗ ಮೈದಾನ ಸರಿಯಾದ ಜಾಗವೇ. ಆಷಾಢದಲ್ಲಿ ಗಾಳಿ ತಿರುಗುತ್ತದೆ ಎಂಬುದು ಆ ದಿನ ಯಾರಿಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬಾಯಿ ತೆರೆದರು. ಮತ್ತೆ ಮುಚ್ಚಿದರು. ವೀಕ್ಷಕರು ಮಾತಾಡುವಂತಿಲ್ಲ ಎಂದು ತಾವೇ ಬರೆದದ್ದು. ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನಿಜವಾದ ದಿನ ಅವರು ಇಲ್ಲಿ ಇರುವುದಿಲ್ಲವಲ್ಲ. ಪೆನ್ನನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು ನಡೆದರು. ತಾಲೀಮು ನೋಡಿದ ಹನ್ನೊಂದು ವರ್ಷಗಳಲ್ಲಿ ಸುಮ್ಮನಿರುವುದು ಇಷ್ಟು ಕಷ್ಟ ಅನ್ನಿಸಿದ್ದು ಇದೇ ಮೊದಲು.

"ತಡೀರಿ ಸಾಹೇಬ್ರ!"

ರುಕ್ಮವ್ವನ ದನಿ. ಅವಳು ಗುಂಪಿನ ನಡುವೆ ನಿಂತುಬಿಟ್ಟಿದ್ದಳು. ಎರಡೂ ಕೈ ಇನ್ನೂ ಹಿಟ್ಟಾಗಿದ್ದವು. "ನಾವು ಎತ್ತಾಗ ಹೊಂಟೇವಿ?"

"ಗ್ರೌಂಡಿಗೆ ಅಕ್ಕ. ಅಲ್ಲೇ ಸೇರಬೇಕು, ಬೋರ್ಡ್ ಇದೆ."

"ಬೋರ್ಡ್ ಇದ್ದೀತ್ರಿ. ಗಾಳಿನೂ ಅತ್ತಾಗ ಹೊಂಟೈತಲ್ಲ." ಅವಳು ಎರಡೂ ಕೈ ತಟ್ಟಿದಳು. ಜೋಳದ ಹಿಟ್ಟು ಬೆಳ್ಳಗೆ ಎದ್ದು, ಒಂದು ಕ್ಷಣ ತೂಗಿ, ಮೈದಾನದ ಕಡೆಗೆ ಓಡಿತು. "ನೋಡ್ರಿ. ದಿನಾ ಒಲಿ ಹಚ್ಚಾಕಿ ನಾ. ಗಾಳಿ ಎತ್ತಾಗ ಅಂತ ನನಗ ಗೊತ್ತಾಗಂಗಿಲ್ಲೇನು? ನಿಮ್ಮ ಗ್ಯಾಸು ನಮಗಿಂತ ಮುಂಚೆ ಅಲ್ಲಿ ಹೋಗಿ ಕುಂತಿರ್ತೈತಿ."

ಲೋಕೇಶ್ ಹಿಟ್ಟು ಹೋದ ದಿಕ್ಕು ನೋಡಿದ. ಬೋರ್ಡು ನೋಡಿದ. ಆಮೇಲೆ ಆಸೆಯಿಂದ ಸುಮಂಗಲಾರ ಮುಖ ನೋಡಿದ. ಅವರು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದರು. ಅವನು ಜೇಬಿನಿಂದ ಕರ್ಚೀಫು ತೆಗೆದು ಎತ್ತಿ ಹಿಡಿದ. ಅದೂ ಮೈದಾನದ ಕಡೆಗೇ ಪಟಪಟ ಬಡಿದುಕೊಂಡಿತು.

"ಸರಿ ಅಕ್ಕ, ನೀವು ಹೇಳೋದು ಸರಿ," ಎಂದ. "ಹಾಗಾದ್ರೆ ಎಲ್ಲಿಗೆ ಹೋಗೋಣ?"

"ಕೆರಿ ಏರಿ ಮ್ಯಾಲೆ. ಗಾಳಿ ಬರೂ ಕಡೀಗೆ ನಡದ್ರ ಅದು ಹಿಂದ ಉಳೀತೈತಿ."

ಕೆರೆಗೆ ಹತ್ತಿರದ ದಾರಿ ಒಂದೇ, ಪಿಳ್ಳಮ್ಮನ ತೋಟದೊಳಗಿಂದ. ತೋಟದ ಗೇಟಿಗೆ ಬೀಗ. ಅರವತ್ತು ಮಂದಿ ತಿರುಗಿ ಬಂದು ಗೇಟಿನ ಮುಂದೆ ನಿಂತಾಗ ಪಿಳ್ಳಮ್ಮ ಮಂಚದಿಂದ ದಡಕ್ಕನೆ ಎದ್ದಳು.

"ಏನಿದು? ಅಂಗೆಲ್ಲ ಬಿಡಾಕಿಲ್ಲ. ಮೊಗ್ಗು ಬಿಟ್ಟೈತೆ ಕಣ್ರೋ, ತುಳಿದಾಕ್ಬಿಡ್ತೀರ!"

"ಬದುವಿನ ಮ್ಯಾಲೆ ಒಬ್ಬೊಬ್ರಾಗಿ ಹೋಗ್ತೇವಿ ಅಮ್ಮಾರ," ಎಂದಳು ರುಕ್ಮವ್ವ. "ಒಂದ್ ಮೊಗ್ಗು ಮುರದ್ರ ನನ್ನ ಕೇಳ್ರಿ. ನೀವೂ ಬರ್ರಿ, ನಿಮ್ಮನ್ನ ಇಲ್ಲೇ ಬಿಟ್ಟು ಹೋಗೂದೇನು?"

ಕೊನೆಯ ಮಾತು ಪಿಳ್ಳಮ್ಮನಿಗೆ ತಾಗಿತು. ಸೊಂಟದ ಬೀಗದಕೈ ಗೊಂಚಲು ಬಿಚ್ಚಿದಳು. ಗೇಟು ತೆರೆದ ಮೇಲೆ ತಾನೇ ಮುಂದೆ ನಿಂತು ಪೊಲೀಸಿನವಳ ಹಾಗೆ ಕೈ ಬೀಸತೊಡಗಿದಳು. "ಬದುವಿನ ಮ್ಯಾಲೆ! ಏಯ್, ಆ ಕಡೆ ಕಾಲಿಡಬ್ಯಾಡ! ಕೂಸು ಎತ್ಕೊಂಡಿರೋಳು ಮೊದಲು ಓಗ್ಲಿ!"

ಏರಿ ಹತ್ತಿದಾಗ ಎದುರಿನಿಂದ ಕೆರೆಯ ತಣ್ಣನೆ ಗಾಳಿ ಮುಖಕ್ಕೆ ಬಂತು. ಮಕ್ಕಳು ಕೇಕೆ ಹಾಕಿದವು. ಲೋಕೇಶ್ ಫೈಲು ಬಿಡಿಸಿ ಕೋಣೆ ಕೋಣೆಯ ಲೆಕ್ಕ ಕೇಳಲು ಶುರುಮಾಡಿದ. ಎಂಟರ ತನಕ ಸರಿಹೋಯಿತು. ಒಂಬತ್ತು ಅಂದಾಗ ರುಕ್ಮವ್ವ ಬಾಯಿಗೆ ಕೈ ಇಟ್ಟುಕೊಂಡಳು. ಗಲ್ಲಕ್ಕೆಲ್ಲ ಹಿಟ್ಟು ಮೆತ್ತಿತು.

"ಅಯ್ಯ ಶಿವನ! ನಮ್ಮ ಮನಿಯವ್ರು! ರಾತ್ರಿ ಪಾಳಿ ಮುಗಿಸಿ ಬಂದು ಮಲಗ್ಯಾರ್ರಿ!"

ಲೋಕೇಶ್ ಮುಖಕ್ಕೆ ಮಾಸ್ಕು ಏರಿಸಿಕೊಂಡು ಬದುವಿನ ಮೇಲೆ ಓಡಿದ. ಸುಮಂಗಲಾ ಐವತ್ತೆರಡರ ಮಂಡಿ ನೋವನ್ನು ಮರೆತು ಹಿಂದೆಯೇ ಓಡಿದರು. ಒಂಬತ್ತನೇ ಕೋಣೆಯಲ್ಲಿ ರುಕ್ಮವ್ವನ ಗಂಡ ರೇವಣಸಿದ್ದ ತಲೆ ತನಕ ಚಾದರ ಹೊದ್ದು, ಫ್ಯಾನಿನ ಕೆಳಗೆ, ಲೋಕದ ಪರಿವೆಯೇ ಇಲ್ಲದೆ ಗೊರಕೆ ಹೊಡೆಯುತ್ತಿದ್ದ. ಲೋಕೇಶ್ ಭುಜ ಹಿಡಿದು ಅಲುಗಾಡಿಸಿದ. ಕಣ್ಣು ಬಿಟ್ಟವನಿಗೆ ಕಂಡದ್ದು ಆನೆಯ ಸೊಂಡಿಲಿನ ಹಾಗೆ ಕೊಳವೆ ಇಳಿಬಿದ್ದ ಕಪ್ಪು ಮುಖ.

"ಯಾವನಲೇ ನೀ!" ಎಂದು ರೇವಣಸಿದ್ದ ಗೋಡೆಗೆ ಹಾರಿ ಕೂತ.

ಬಾಗಿಲಲ್ಲಿದ್ದ ಸುಮಂಗಲಾಗೆ ನಗು ತಡೆಯಲಾಗಲಿಲ್ಲ. ಆದರೆ ಲೋಕೇಶ್ ಉಳಿದ ಬಾಗಿಲುಗಳನ್ನೂ ಬಡಿಯುತ್ತ ಹೋದ ಹಾಗೆ ನಗು ಇಳಿಯಿತು. ಒಟ್ಟು ಆರು ಮಂದಿ. ಆರೂ ಜನ ರಾತ್ರಿ ಪಾಳಿಯವರು, ಆರೂ ಜನ ಗಾಢ ನಿದ್ದೆಯಲ್ಲಿ.

ಮೂರು ಗಂಟೆ ಐದು ನಿಮಿಷಕ್ಕೆ ತಾಲೀಮು ಮುಗಿಯಿತೆಂದು ದಿವ್ಯಾಳ ಫೋನು ಬಂತು. ಲೋಕೇಶ್ ಮಾಸ್ಕು ಕಿತ್ತು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಮೇಡಂ, ಇದು ನಿಜ ಆಗಿದ್ದಿದ್ರೆ..." ಎಂದ ಅವನು.

ಸುಮಂಗಲಾ ಪಕ್ಕದಲ್ಲಿ ಕೂತರು. ಈಗ ಮಾತಾಡಬಹುದಿತ್ತು. "ನಿಜ ಅಲ್ವಲ್ಲ ಲೋಕೇಶ್. ಇವತ್ತು ಗೊತ್ತಾಗಲಿ ಅಂತಾನೇ ಇಷ್ಟೆಲ್ಲ ಮಾಡಿದ್ದು. ನಡುದಾರಿಯಲ್ಲಿ ಅಷ್ಟು ಜನರ ಮುಂದೆ 'ನೀವು ಹೇಳೋದು ಸರಿ' ಅಂತ ತಿರುಗಿದ್ಯಲ್ಲ, ನಾನು ಅದನ್ನೂ ಬರ್ಕೊಂಡಿದ್ದೀನಿ."

ಅವನು ಮುಖ ಒರೆಸಿಕೊಳ್ಳುವ ನೆಪದಲ್ಲಿ ಕರ್ಚೀಫಿನಿಂದ ಕಣ್ಣು ಒತ್ತಿಕೊಂಡ.

ಮರುದಿನ ಕಾರ್ಖಾನೆಯ ಸಭಾಕೊಠಡಿಯಲ್ಲಿ ಎಲ್ಲರೂ ಸೇರಿದರು. ಸುಮಂಗಲಾ ಒತ್ತಾಯ ಮಾಡಿ ಪಿಳ್ಳಮ್ಮನನ್ನೂ ರುಕ್ಮವ್ವನನ್ನೂ ಕರೆಸಿದ್ದರು. ರುಕ್ಮವ್ವ ತಿರುಗುವ ಕುರ್ಚಿಯ ಅಂಚಿನಲ್ಲಿ ಕೂತು, ಅದು ತಿರುಗದ ಹಾಗೆ ಮೇಜನ್ನು ಹಿಡಿದುಕೊಂಡಿದ್ದಳು. ಪರಮಾನಂದರ ಮುಖದಲ್ಲಿ ನಗು ಇರಲಿಲ್ಲ. ಅವರು ರಾತ್ರಿಯಿಡೀ ನೋಟಿಸು, ದಂಡ ಎಂದೆಲ್ಲ ಯೋಚಿಸಿರಬೇಕು.

ಸುಮಂಗಲಾ ವರದಿ ತೆರೆದು ಓದಿದರು. "ಮೊದಲನೇ ಲೋಪ. ಸೇರುವ ಸ್ಥಳವನ್ನು ಚಳಿಗಾಲದ ಗಾಳಿ ಒಂದನ್ನೇ ನೋಡಿ ಗೊತ್ತುಮಾಡಲಾಗಿದೆ. ಇದಕ್ಕೆ ಒಪ್ಪಿಗೆ ಕೊಟ್ಟವಳು ನಾನು. ತಪ್ಪು ನನ್ನದು."

ಹಾಗೆ ಓದುವಾಗ ನಾಚಿಕೆ ಆಗುತ್ತದೆ ಎಂದು ಅವರು ಅಂದುಕೊಂಡಿದ್ದರು. ಓದಿದ ಮೇಲೆ ನೋಡಿದರೆ ಎದೆ ಹಗುರಾಗಿತ್ತು. ಪರಮಾನಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಹಾಗಿದ್ರೆ ಎರಡನೇದು ನಾನೇ ಹೇಳ್ತೀನಿ ಮೇಡಂ," ಎಂದರು. "ಸೈರನ್ ಆ ಕಡೆ ಕೇಳಲ್ಲ ಅಂತ ನನಗೆ ಮೊದಲೇ ಅನುಮಾನ ಇತ್ತು. ಹೇಳೋರು ಕೇಳೋರು ಇಲ್ಲ ಅಂತ ಸುಮ್ಮನಿದ್ದೆ. ವಠಾರದ ಗೋಡೆ ಮೇಲೆ ಇನ್ನೊಂದು ಹಾಕಿಸ್ತೀನಿ."

ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಕೆರೆ ಏರಿ ಆಷಾಢಕ್ಕೆ, ಶಾಲೆ ಮೈದಾನ ಚಳಿಗಾಲಕ್ಕೆ ಎಂದಾಯಿತು. ಗಾಳಿ ತೋರಿಸುವ ಬಟ್ಟೆಯ ಚೀಲ ಕಾರ್ಖಾನೆಯ ಒಳಗಿನವರಿಗೆ ಮಾತ್ರ ಕಾಣುತ್ತಿತ್ತು. ವಠಾರಕ್ಕೂ ಕಾಣುವಷ್ಟು ಎತ್ತರಕ್ಕೆ ಏರಿಸುವುದೆಂದಾಯಿತು. ಗೇಟಿನ ಇನ್ನೊಂದು ಬೀಗದಕೈ ರುಕ್ಮವ್ವನ ಹತ್ತಿರ ಇರಬೇಕು ಅಂದಾಗ ಪಿಳ್ಳಮ್ಮ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಇರ್ಲಿ. ಅವಳ ಕೈಲಿ ಅಂದ್ರೆ ಇರ್ಲಿ" ಎಂದಳು. ರಾತ್ರಿ ಪಾಳಿಯವರನ್ನು ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ರುಕ್ಮವ್ವನೇ ಉತ್ತರ ಹೇಳಿದಳು: ಅಕ್ಕಪಕ್ಕದ ಎರಡೆರಡು ಕೋಣೆ ಜೋಡಿ, ಒಬ್ಬರ ಬಾಗಿಲು ಇನ್ನೊಬ್ಬರು ಬಡಿಯಬೇಕು. ಲೋಕೇಶ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡ. ಐಸ್‌ಕ್ರೀಮ್ ಬಂತು. ಪಿಳ್ಳಮ್ಮ ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಲೇ ಎರಡು ಕಪ್ ಮುಗಿಸಿದಳು.

ಸುಮಂಗಲಾರ ಎರಡು ಪುಟ ಸೆಪ್ಟೆಂಬರಿನಲ್ಲಿ ಸುತ್ತೋಲೆಯಾಗಿ ಇಡೀ ಪಟ್ಟಿಗೆ ಹೋಯಿತು. ಗೊಣಗಿದವರಿದ್ದರು. ಹೇಗೆ ಮಾಡುವುದೆಂದು ಕೇಳಿ ಲೋಕೇಶನಿಗೆ ಫೋನು ಮಾಡಿದ ಸುರಕ್ಷತಾ ಅಧಿಕಾರಿಗಳೂ ಇದ್ದರು. ಅವನು ಅವರನ್ನೆಲ್ಲ ಮೊದಲು ವಠಾರಕ್ಕೆ ಕರೆದುಕೊಂಡು ಹೋಗುತ್ತಿದ್ದ.

ಡಿಸೆಂಬರಿನಲ್ಲಿ ಎರಡನೇ ತಾಲೀಮು ನಡೆಯಿತು. ಬೆಳಗಿನ ಒಂಬತ್ತೂವರೆ, ಬಿಸಿಲಿಗೆ ಇನ್ನೂ ಕಾವಿರಲಿಲ್ಲ. ಹೊಸ ಸೈರನ್ನಿನ ಸದ್ದಿಗೆ ಗಿರಣಿಯವನೇ ಬೆಚ್ಚಿ ಮಿಷನ್ನು ನಿಲ್ಲಿಸಿದ. ಬಾಗಿಲುಗಳು ದಬದಬ ಬಡಿದುಕೊಂಡವು. ರೇವಣಸಿದ್ದ ಕಣ್ಣುಜ್ಜುತ್ತ, ಲುಂಗಿ ಬಿಗಿದುಕೊಂಡು, ಪಕ್ಕದ ಮನೆಯ ಮುದುಕರ ಕೈ ಹಿಡಿದು ಹೊರಬಂದ. ಜನ ತಲೆ ಎತ್ತಿ ಚೀಲದ ಕಡೆ ನೋಡಿದರು, ಗಾಳಿ ಮೂಡಣದಿಂದ ಬರುತ್ತಿರುವುದನ್ನು ಕಂಡು ತಾವಾಗಿ ಮೈದಾನದ ದಾರಿ ಹಿಡಿದರು. ಲೋಕೇಶ್ ಮೈಕು ಹಿಡಿದು ಬರುವ ಹೊತ್ತಿಗೆ ಅವರು ಅರ್ಧ ದಾರಿ ದಾಟಿದ್ದರು. ಅವನು ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವರ ಜೊತೆ ನಡೆದ.

ಒಂಬತ್ತೇ ನಿಮಿಷ. ಕೋಣೆ ಕೋಣೆಯ ಲೆಕ್ಕ ಸರಿಹೋಯಿತು. ಒಬ್ಬರು ಮಾತ್ರ ಕಡಿಮೆ.

ಸುಮಂಗಲಾ ವಾಪಸು ಹೋಗಿ ನೋಡಿದರೆ ಪಿಳ್ಳಮ್ಮ ತೋಟದ ಗೇಟಿನ ಮುಂದೆ ಸೇವಂತಿಗೆ ಮಂಕರಿಗಳ ನಡುವೆ ಆರಾಮಾಗಿ ಕೂತಿದ್ದಳು.

"ಊ ಕೊಳ್ಳೋನು ಈಗ ಬತ್ತಾನೆ ಕಣವ್ವ. ಗ್ಯಾಸು ನಿಜವಾಗ್ಲೂ ಬಂದ್ರೆ ಎಲ್ಲರಿಗಿಂತ ಮುಂಚೆ ನಾನೇ ಓಡ್ತೀನಿ, ಬರ್ಕೋ. ಮುಂದಿನ ಸಲ ಮಾತ್ರ ಊ ಕೀಳೋ ದಿನ ಮಡಗ್ಬೇಡ್ರಿ."

"ಅದನ್ನೂ ಬರ್ಕೋತೀನಮ್ಮ," ಎಂದು ಸುಮಂಗಲಾ ಬರೆದುಕೊಂಡರು. ಆಮೇಲೆ ಒಂದು ಮಂಕರಿ ಸರಿಸಿ ಅವಳ ಪಕ್ಕದಲ್ಲೇ ಕಾಲು ಚಾಚಿ ಕೂತರು. ಮೈದಾನದ ಕಡೆಯಿಂದ ಜನ ಮಾತಾಡುತ್ತ, ನಗುತ್ತ ಬಿಸಿಲಿನಲ್ಲಿ ನಿಧಾನಕ್ಕೆ ವಾಪಸು ಬರುತ್ತಿದ್ದರು.